ಹುಬ್ಬಳ್ಳಿ ಕೆಫೆಯಿಂದ ಕುಬಿಹಾಳದ ಕಟ್ಟೆಗೆ: ನಾಲ್ಕು ಮಂದಿಯ ಪಬ್‌ಜಿ ಇತಿಹಾಸ

ಬಸ್ಸಿನಲ್ಲಿ ಕೂತು ಕೇಳ್ತಿದ್ದೀರೋ, ಹೊಲದ ಬದುವಿನ ಮೇಲೆ ಕೂತು ಕೇಳ್ತಿದ್ದೀರೋ, ಇಯರ್‌ಫೋನ್ ಒಂದು ಕಿವಿಗಾದ್ರೂ ಸರಿಯಾಗಿ ಹಾಕ್ಕೊಳ್ಳಿ. ಹೋದ ಸಲದ ಸಂಚಿಕೆ ಕೇಳಿ ಒಬ್ಬ ತಮ್ಮ ಮೆಸೇಜ್ ಮಾಡಿದ್ದ: "ಅಣ್ಣಾ, ಬರೇ ರಾಜರು, ಕೋಟಿ, ಶಾಸನ ಅಂತೀಯಲ್ಲ, ನಮ್ಮ ಇತಿಹಾಸ ಯಾವಾಗ ಹೇಳ್ತಿ?" ಮಾತು ಖರೆ ಅನ್ನಿಸ್ತು. ನನಗೆ ಚೆನ್ನಾಗಿ ಗೊತ್ತಿರೋ ಒಂದೇ ಯುದ್ಧದ ಇತಿಹಾಸ ಇದೆ, ಅದು ಪಬ್‌ಜಿದು. ನಗಬೇಡಿ.

2020ರ ಸೆಪ್ಟೆಂಬರ್ 2, ಬುಧವಾರ. ಕುಂದಗೋಳ ತಾಲ್ಲೂಕಿನ ನಮ್ಮೂರು ಕುಬಿಹಾಳ. ಹೆಸರು ಬಿಡಿಸೋ ಹಂಗಾಮು, ಲಾಕ್‌ಡೌನ್‌ನಿಂದ ಬೆಂಗಳೂರು ಬಿಟ್ಟು ಬಂದವರೆಲ್ಲ ಇನ್ನೂ ಊರಲ್ಲೇ. ಸಂಜೆ ಕಟ್ಟೆ ಮೇಲೆ ನಾವು ಮೂರು ಮಂದಿ ಫೋನ್ ಹಿಡಕೊಂಡು ಕೂತಿದ್ವಿ. ವಾಟ್ಸಾಪ್‌ನಲ್ಲಿ ಸುದ್ದಿ ಬಂತು: ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧ ಮಾಡಿದೆ, ಅದರಲ್ಲಿ ಪಬ್‌ಜಿ ಮೊಬೈಲ್ ಇದೆ, ಪಬ್‌ಜಿ ಮೊಬೈಲ್ ಲೈಟ್ ಕೂಡ ಇದೆ. ಒಬ್ಬ "ಫೇಕ್ ಇರಬೇಕಲೇ" ಅಂದ. ಫೇಕ್ ಆಗಿರಲಿಲ್ಲ. ನಮ್ಮ ಸ್ಕ್ವಾಡ್‌ನ ನಾಲ್ಕನೆಯವನು ಅವತ್ತು ಅಲ್ಲಿ ಇರಲಿಲ್ಲ. ಅವನು ಬಂದು ಹೇಳಿದ ಮಾತನ್ನ ಆಮೇಲೆ ಹೇಳ್ತೀನಿ. ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ನಾನು ಮೊದಲು ತಂಡ ಕಟ್ಟಿಕೊಂಡು ಬಂದೂಕಿನ ಆಟ ಆಡಿದ್ದು ಫೋನ್‌ನಲ್ಲಿ ಅಲ್ಲ. ಪಿಯುಸಿಗೆ ಹುಬ್ಬಳ್ಳಿಗೆ ಹೋದಾಗ, 2013ರಲ್ಲಿ, ಒಂದು ಸೈಬರ್ ಕೆಫೆಯಲ್ಲಿ. ಮೆಟ್ಟಿಲು ಹತ್ತಿ ಹೋಗಬೇಕು, ಒಳಗೆ ಕತ್ತಲೆ, ಹತ್ತು ಕಂಪ್ಯೂಟರ್, ಗಂಟೆಗೆ 20 ರೂಪಾಯಿ. ಆಟ ಕೌಂಟರ್ ಸ್ಟ್ರೈಕ್ 1.6. ಐದು ಮಂದಿ ಈ ಕಡೆ, ಐದು ಮಂದಿ ಆ ಕಡೆ. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಂಡ ತಡೀಬೇಕು. ಸತ್ತರೆ ಆ ಸುತ್ತು ಮುಗಿಯೋತನಕ ಸುಮ್ಮನೆ ನೋಡ್ತಾ ಕೂರಬೇಕು. ಅದೇ ಆ ಆಟದ ಬಿಗಿ. ಜೀವ ಒಂದೇ ಅಂದಾಗ ಮನುಷ್ಯ ಬುದ್ಧಿ ಉಪಯೋಗಿಸ್ತಾನೆ.

ಇನ್ನೊಂದು ಸಂಗತಿ ನನ್ನ ಕಾಮರ್ಸ್ ತಲೆಗೆ ಬಹಳ ಹಿಡಿಸಿತ್ತು. ಕೌಂಟರ್ ಸ್ಟ್ರೈಕ್‌ನಲ್ಲಿ ಬಂದೂಕು ಪುಕ್ಕಟೆ ಸಿಗೋದಿಲ್ಲ. 800 ಡಾಲರ್ ಕೊಟ್ಟು ಶುರು ಮಾಡಿಸ್ತಾರೆ. ಎಕೆ-47ಗೆ 2500, ಎಡಬ್ಲ್ಯೂಪಿ ಅನ್ನೋ ದೊಡ್ಡ ಬಂದೂಕಿಗೆ 4750. ಗೆದ್ದರೆ ಜಾಸ್ತಿ ದುಡ್ಡು, ಸೋತರೆ ಕಮ್ಮಿ. ಹಾಗಾಗಿ ತಂಡದವರೆಲ್ಲ ಮಾತಾಡಿಕೊಂಡು, ಈ ಸುತ್ತು ಯಾರೂ ಖರ್ಚು ಮಾಡೋದು ಬೇಡ, ಮುಂದಿನ ಸುತ್ತಿಗೆ ಎಲ್ಲರೂ ಸೇರಿ ತಗೊಳ್ಳೋಣ ಅಂತ ಉಳಿಸಬೇಕು. ಒಬ್ಬ ಆಸೆಬುರುಕ ಇದ್ದರೆ ಇಡೀ ತಂಡ ಮುಳುಗಿತು. ವರ್ಕಿಂಗ್ ಕ್ಯಾಪಿಟಲ್ ಅಂದ್ರೆ ಏನು ಅಂತ ಬಿ.ಕಾಂ.ನಲ್ಲಿ ಲೆಕ್ಚರರ್ ಹೇಳಿಕೊಡೋಕಿಂತ ಮೂರು ವರ್ಷ ಮೊದಲೇ ನನಗೆ ಆ ಕತ್ತಲೆ ಕೋಣೆಯಲ್ಲಿ ಗೊತ್ತಾಗಿತ್ತು.

ಈ ಆಟಗಳನ್ನು ದೊಡ್ಡ ದೊಡ್ಡ ಕಂಪನಿಗಳು ಕಂಡುಹಿಡಿದವು ಅಂದ್ಕೊಂಡಿದ್ದೀರಾ? ಇಲ್ಲ. 1993ರಲ್ಲಿ ಡೂಮ್ ಬಂತು, ನಾಲ್ಕು ಮಂದಿ ಕಂಪ್ಯೂಟರ್‌ಗಳನ್ನ ತಂತಿಯಿಂದ ಜೋಡಿಸಿಕೊಂಡು ಒಬ್ಬರನ್ನೊಬ್ಬರು ಹೊಡೆಯಬಹುದಿತ್ತು. 1996ರಲ್ಲಿ ಕ್ವೇಕ್ ಬಂದಾಗ, ಆಸ್ಟ್ರೇಲಿಯಾದ ಕೆಲವು ಹುಡುಗರು ಅದನ್ನೇ ತಿದ್ದಿ ಟೀಮ್ ಫೋರ್ಟ್ರೆಸ್ ಮಾಡಿದರು. ಅದರಲ್ಲಿ ಒಬ್ಬ ಡಾಕ್ಟರ್, ಒಬ್ಬ ಎಂಜಿನಿಯರ್, ಒಬ್ಬ ದೂರದಿಂದ ಹೊಡೆಯೋನು, ಹೀಗೆ ಪ್ರತಿಯೊಬ್ಬನಿಗೂ ಬೇರೆ ಬೇರೆ ಕೆಲಸ. 1999ರಲ್ಲಿ ಮಿನ್ ಲೀ ಅನ್ನೋ ಕೆನಡಾದ ವಿದ್ಯಾರ್ಥಿ, ಜೆಸ್ ಕ್ಲಿಫ್ ಅನ್ನೋ ಗೆಳೆಯನ ಜೊತೆ ಸೇರಿ ಹಾಫ್ ಲೈಫ್ ಆಟವನ್ನ ತಿದ್ದಿ ಕೌಂಟರ್ ಸ್ಟ್ರೈಕ್ ಮಾಡಿದ. ವಾಲ್ವ್ ಕಂಪನಿ ಆಮೇಲೆ ಅದನ್ನ ಕೊಂಡುಕೊಂಡಿತು. ಪಬ್‌ಜಿ ಕಥೆಯೂ ಇದೇ. ಬ್ರೆಂಡನ್ ಗ್ರೀನ್ ಅನ್ನೋ ಐರ್ಲೆಂಡಿನವನು ಬ್ರೆಜಿಲ್‌ನಲ್ಲಿದ್ದಾಗ ಆರ್ಮಾ 2 ಆಟ ತಿದ್ದಿ, ಜಪಾನಿನ ಬ್ಯಾಟಲ್ ರಾಯಲ್ ಸಿನಿಮಾದಿಂದ ಐಡಿಯಾ ತಗೊಂಡು, ಕೊನೆಗೆ ಒಬ್ಬನೇ ಉಳಿಯೋ ಆಟ ಮಾಡಿದ. 2017ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಬ್ಲೂಹೋಲ್ ಕಂಪನಿ ಅದನ್ನ ಪಬ್‌ಜಿ ಅಂತ ಮಾರುಕಟ್ಟೆಗೆ ಬಿಟ್ಟಿತು.

ಅಂದ್ರೆ ಆಡೋರ ಕೈಯಲ್ಲಿ ಹುಟ್ಟಿದ್ದು ಒಂದೊಂದಾಗಿ ಕಂಪನಿಗಳ ಕೈಗೆ ಹೋಯ್ತು. ಇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ.

ಕೆಫೆಯಲ್ಲಿ ಒಂದು ಸಮಾನತೆ ಇತ್ತು. ಹತ್ತು ಕಂಪ್ಯೂಟರೂ ಒಂದೇ ಥರದ ಹಳೇ ಡಬ್ಬಿಗಳು. ಶೆಟ್ಟರ ಮಗ ಕೂತರೂ ಅದೇ ಮೌಸ್, ನಾನು ಕೂತರೂ ಅದೇ ಮೌಸ್. ಎದುರಾಳಿ ಗೋಡೆ ಆಚೆ ಇರೋದಿಲ್ಲ, ಪಕ್ಕದ ಕುರ್ಚಿಯಲ್ಲೇ ಇರ್ತಾನೆ. ಮೋಸ ಮಾಡಿದರೆ ತಲೆಗೆ ಒಂದು ಏಟು. ಮುಖ್ಯವಾಗಿ, ಆಟ ಆ ಕಂಪ್ಯೂಟರ್‌ಗಳ ಒಳಗೇ ಇತ್ತು. ಇಂಟರ್‌ನೆಟ್ ಹೋದರೂ ನಡೀತಿತ್ತು. ಅಮೆರಿಕದ ಕಂಪನಿ ನಾಳೆ ಬಾಗಿಲು ಹಾಕಿದರೂ ಹುಬ್ಬಳ್ಳಿಯ ಆ ಕೋಣೆಯಲ್ಲಿ ಕೌಂಟರ್ ಸ್ಟ್ರೈಕ್ ನಿಲ್ತಿರಲಿಲ್ಲ. (ಆ ಸಿಡಿ ಒರಿಜಿನಲ್ ಆಗಿತ್ತಾ ಅಂತ ದಯವಿಟ್ಟು ಕೇಳಬೇಡಿ.) ಇನ್ನು ಇಪ್ಪತ್ತು ರೂಪಾಯಿ ಖಾಲಿ ಆದ ಕೂಡಲೇ ಮಾಲೀಕರು "ಏಳ್ರಿ, ಟೈಮ್ ಆತು" ಅಂತಿದ್ರು. ಬಡತನವೇ ನಮ್ಮ ಸ್ಕ್ರೀನ್ ಟೈಮ್ ಲಿಮಿಟ್.

ಆದರೆ ಅದನ್ನ ಬಹಳ ಹೊಗಳೋದೂ ತಪ್ಪು. ಅಲ್ಲಿಗೆ ಮುಟ್ಟೋಕೆ ಊರಿಂದ ಬಸ್ ಚಾರ್ಜ್ ಬೇಕು. ಒಂದೇ ಒಂದು ಹುಡುಗಿ ಆ ಮೆಟ್ಟಿಲು ಹತ್ತಿದ್ದನ್ನ ನಾನು ನೋಡಲಿಲ್ಲ. ಊರಲ್ಲೇ ಉಳಿದ ನನ್ನ ಗೆಳೆಯರಿಗೆ ಆ ಆಟದ ಹೆಸರೂ ಗೊತ್ತಿರಲಿಲ್ಲ.

ಅದನ್ನ ಬದಲಾಯಿಸಿದ್ದು ಜಿಯೋ. 2016ರ ಸೆಪ್ಟೆಂಬರ್ 5ರಂದು ಶುರುವಾಯ್ತು, 2017ರ ಮಾರ್ಚ್‌ವರೆಗೆ ಡೇಟಾ ಪುಕ್ಕಟೆ. ತಿಂಗಳಿಗೆ ಒಂದು ಜಿಬಿ ಅಂತ ಎಣಿಸಿ ಎಣಿಸಿ ಖರ್ಚು ಮಾಡ್ತಿದ್ದ ನಾವು ದಿನಕ್ಕೆ ಒಂದು ಜಿಬಿ ಅನ್ನೋ ಕಾಲಕ್ಕೆ ಬಂದ್ವಿ. 2018ರ ಮಾರ್ಚ್‌ನಲ್ಲಿ ಚೀನಾದ ಟೆನ್ಸೆಂಟ್ ಕಂಪನಿ ಪಬ್‌ಜಿಯನ್ನ ಮೊಬೈಲ್‌ಗೆ ತಂದಿತು, ಅದೂ ಪುಕ್ಕಟೆ. ಕೈಯಲ್ಲಿ ಫೋನ್, ಫೋನ್‌ನಲ್ಲಿ ಡೇಟಾ, ಡೇಟಾಗೆ ಸರಿಯಾದ ಆಟ. ಆ ದೀಪಾವಳಿಗೆ ನಾನು ಊರಿಗೆ ಬಂದಾಗ ಕಟ್ಟೆ ಮೇಲೆ ಇಸ್ಪೀಟ್ ಆಡೋರು ಹಿರಿಯರು ಮಾತ್ರ. ಹುಡುಗರೆಲ್ಲ ಫೋನ್ ಅಡ್ಡ ಹಿಡಿದಿದ್ರು.

ಆಟ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡ್ತೀನಿ. ನೂರು ಮಂದಿ ವಿಮಾನದಿಂದ ಜಿಗೀತಾರೆ. ಎರಾಂಗಲ್ ಅನ್ನೋ ಮೊದಲ ಮ್ಯಾಪ್ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ಕೈ ಬರಿದು. ಮನೆ ಮನೆ ಹೊಕ್ಕು ಬಂದೂಕು, ಹೆಲ್ಮೆಟ್, ಔಷಧ ಹುಡುಕಬೇಕು. ಸುತ್ತಲಿನ ವೃತ್ತ ಸಣ್ಣದಾಗ್ತಾ ಹೋಗುತ್ತೆ, ಹೊರಗೆ ಉಳಿದರೆ ಸಾವು. ಅರ್ಧ ಗಂಟೆಯಲ್ಲಿ ಒಂದೇ ಸ್ಕ್ವಾಡ್ ಉಳೀಬೇಕು. ಸ್ಕ್ವಾಡ್ ಅಂದ್ರೆ ನಾಲ್ಕು ಮಂದಿ.

ಈ ಆಟದ ನಿಜವಾದ ಶಕ್ತಿ ಬಂದೂಕಲ್ಲಿಲ್ಲ. ಗುಂಡು ಬಿದ್ದರೆ ನೀವು ಕೂಡಲೇ ಸಾಯೋದಿಲ್ಲ, ನೆಲಕ್ಕೆ ಬಿದ್ದು ತೆವಳ್ತೀರಿ. ಜೊತೆಗಾರ ಓಡಿ ಬಂದು ಸುಮಾರು ಹತ್ತು ಸೆಕೆಂಡ್ ಪಕ್ಕದಲ್ಲಿ ಕೂತರೆ ಮತ್ತೆ ಏಳ್ತೀರಿ. ಆ ಹತ್ತು ಸೆಕೆಂಡ್ ಅವನೂ ಬಂದೂಕು ಹಿಡಿಯೋ ಹಾಗಿಲ್ಲ. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಕಬಡ್ಡಿಯಲ್ಲಿ ಔಟಾಗಿ ಗೆರೆ ಆಚೆ ಕೂತವನು, ತನ್ನವರು ಎದುರಾಳಿಯನ್ನ ಔಟ್ ಮಾಡಿದಾಗ ಎದ್ದು ಬರ್ತಾನಲ್ಲ, ಹಾಗೇ. ಕೌಂಟರ್ ಸ್ಟ್ರೈಕ್ ಕಲಿಸಿದ್ದು ತಾಳ್ಮೆ. ಪಬ್‌ಜಿ ಕಲಿಸಿದ್ದು, ಬಿದ್ದವನನ್ನ ಎತ್ತೋಕೆ ಹೋಗಬೇಕಾ ಬೇಡವಾ ಅನ್ನೋ ಲೆಕ್ಕ. ರಾತ್ರಿ ಹತ್ತು ಗಂಟೆಗೆ ನಮ್ಮೂರ ಮಾಳಿಗೆ ಮೇಲಿಂದ "ಎಬ್ಬಸಲೇ ನನ್ನ, ಎಬ್ಬಸಲೇ" ಅಂತ ಕೂಗು ಕೇಳ್ತಿತ್ತು. ಯಾರಿಗೋ ಹಾವು ಕಡೀತೇನೋ ಅಂತ ಒಮ್ಮೆ ಪಕ್ಕದ ಮನೆ ಅಜ್ಜ ಬ್ಯಾಟರಿ ಹಿಡಕೊಂಡು ಬಂದಿದ್ದ.

ನಮ್ಮ ಸ್ಕ್ವಾಡ್‌ನಲ್ಲಿ ನಾನು ಬಿ.ಕಾಂ., ಇನ್ನೊಬ್ಬ ಡಿಪ್ಲೊಮಾ, ಮೂರನೆಯವನದು ಕಿರಾಣಿ ಅಂಗಡಿ. ನಾಲ್ಕನೆಯವನು ಎಸ್ಸೆಸ್ಸೆಲ್ಸಿ ಫೇಲಾಗಿ ಬೇರೆಯವರ ಟ್ರ್ಯಾಕ್ಟರ್ ಹೊಡೀತಿದ್ದ. ಹೆಸರು ಹೇಳಬ್ಯಾಡ ಅಂದಿದ್ದಾನೆ, ಹಾಗಾಗಿ ದೋಸ್ತ ಅಂತಲೇ ಕರೀತೀನಿ. ದಿನದ ಬೆಳಕಲ್ಲಿ ನಾಲ್ಕು ಮಾತು ಆಡದ ಮನುಷ್ಯ. ಆಟ ಶುರುವಾದರೆ ಬೇರೆನೇ. ಹೆಜ್ಜೆ ಸಪ್ಪಳ ಕೇಳಿ "ಎರಡು ಮಂದಿ ಅದಾರ, ಒಬ್ಬ ಮೆಟ್ಟಲ ಮ್ಯಾಲ, ಒಬ್ಬ ಹಿಂದಿನ ಬಾಗಲಕ್ಕ" ಅಂತಿದ್ದ, ಹಾಗೇ ಇರ್ತಿತ್ತು. ವೃತ್ತ ಯಾವ ಕಡೆ ಸರಿಯಬಹುದು, ಯಾವ ಗುಡ್ಡ ಹಿಡೀಬೇಕು, ಯಾರು ಮೊದಲು ಹೋಗಬೇಕು, ಎಲ್ಲಾ ಅವನದೇ ಆರ್ಡರ್. ನಾನು ಡಿಗ್ರಿ ಓದಿದವನು ಅವನು "ಕೂಡು" ಅಂದಲ್ಲಿ ಕೂಡ್ತಿದ್ದೆ. ಊರಲ್ಲಿ ಯಾರೂ ಅವನ ಮಾತು ಕೇಳೋಕೆ ಕಾಯ್ತಿರಲಿಲ್ಲ. ಆಟದಲ್ಲಿ ಮೂರು ಮಂದಿ ಕಿವಿಗೊಟ್ಟು ಕಾಯ್ತಿದ್ವಿ. ಟೀಮ್ ಶೂಟರ್ ಬಗ್ಗೆ ನನಗೆ ಇವತ್ತಿಗೂ ಗೌರವ ಉಳಿದಿರೋದು ಇದೊಂದಕ್ಕೇ.

ಅದೇ ಆಟ ಅವನಿಗೆ ಏನು ಮಾಡ್ತು ಕೇಳಿ.

ಅವನ ಫೋನ್ ಒಂದು ಜಿಬಿ ರ‍್ಯಾಮ್‌ದು. ಪಬ್‌ಜಿಗೆ ಕನಿಷ್ಠ ಎರಡು ಜಿಬಿ ಬೇಕು ಅಂತ ಕಂಪನಿಯೇ ಹೇಳಿತ್ತು. ಆದರೂ ಹ್ಯಾಂಗೋ ಓಡಿಸ್ತಿದ್ದ. ಹತ್ತು ನಿಮಿಷಕ್ಕೆ ಫೋನ್ ರೊಟ್ಟಿ ಹಂಚಿನ ಹಾಗೆ ಕಾಯ್ತಿತ್ತು, ಒದ್ದೆ ಬಟ್ಟೆ ಮೇಲೆ ಇಟ್ಟು ಆಡ್ತಿದ್ದ. ಕೆಫೆಯಲ್ಲಿ ಎಲ್ಲರಿಗೂ ಒಂದೇ ಡಬ್ಬಿ ಇತ್ತು ಅಂದೆನಲ್ಲ, ಮೊಬೈಲ್‌ನಲ್ಲಿ ಹಾಗಿಲ್ಲ. ಸೆಕೆಂಡಿಗೆ ಎಷ್ಟು ಚಿತ್ರ ತೋರಿಸುತ್ತೆ ಅನ್ನೋದು ಫೋನಿನ ಬೆಲೆ ಮೇಲೆ. ನನ್ನದು 30. ದುಬಾರಿ ಫೋನ್‌ಗಳಲ್ಲಿ 60. 2020ರಲ್ಲಿ ಕೆಲವಕ್ಕೆ 90 ಕೂಡ ಬಂತು. ಎದುರಿನವನಿಗೆ ನೀವು ಕಾಣೋದು ನಿಮಗೆ ಅವನು ಕಾಣೋಕಿಂತ ಮೊದಲು. ಅದರ ಮೇಲೆ ನಮ್ಮೂರ ನೆಟ್‌ವರ್ಕ್. ಗುಂಡು ಹೊಡೆದು ಆಗಿರುತ್ತೆ, ಸರ್ವರ್‌ಗೆ ಮುಟ್ಟೋ ಹೊತ್ತಿಗೆ ನಾವೇ ಹೆಣ. ಪುಕ್ಕಟೆ ಆಟ ಅಂದವರು ಈ ಖರ್ಚನ್ನ ಯಾವ ಖಾತೆಗೆ ಬರೀತಾರೋ ಗೊತ್ತಿಲ್ಲ.

2019ರ ಜುಲೈನಲ್ಲಿ ಪಬ್‌ಜಿ ಮೊಬೈಲ್ ಲೈಟ್ ಬಂತು. ಕಮ್ಮಿ ರ‍್ಯಾಮ್ ಫೋನ್‌ಗಳಿಗೆ ಅಂತಲೇ ಮಾಡಿದ್ದು, ಸಣ್ಣ ಮ್ಯಾಪ್, 60 ಮಂದಿ. ಒಳ್ಳೇ ಕೆಲಸ ಅಂತ ಎಲ್ಲರೂ ಹೊಗಳಿದರು. ಆದರೆ ಲೈಟ್ ಆಡೋನು ದೊಡ್ಡ ಪಬ್‌ಜಿಯವರ ಜೊತೆ ಆಡೋಕಾಗಲ್ಲ, ಎರಡೂ ಬೇರೆ ಬೇರೆ. ದೋಸ್ತ ಲೈಟ್‌ಗೆ ಹೋದ. ನಾವು ಮೂವರೂ ಲೈಟ್‌ಗೆ ಇಳಿಯಬಹುದಿತ್ತು. ಇಳೀಲಿಲ್ಲ. ನಮ್ಮ ರ‍್ಯಾಂಕ್ ಇತ್ತು, ದುಡ್ಡು ಕೊಟ್ಟು ತಗೊಂಡ ಅಂಗಿ ಇತ್ತು. ಅವನ ಜಾಗಕ್ಕೆ ಆಟವೇ ಜೋಡಿಸಿಕೊಡೋ ಅಪರಿಚಿತನನ್ನ ಹಾಕಿಕೊಂಡ್ವಿ. ಆ ಕಡೆಯಿಂದ "ಭಾಯ್, ಸ್ಕೋಪ್ ದೇದೋ" ಅಂತ ಹಿಂದಿ. ಕಟ್ಟೆ ಮೇಲೆ ನಾವು ಮೂವರು ಒಂದು ಕಡೆ, ದೋಸ್ತ ಅದೇ ಕಟ್ಟೆಯ ಇನ್ನೊಂದು ತುದೀಲಿ, ಅವನ ಸಣ್ಣ ಮ್ಯಾಪ್‌ನಲ್ಲಿ, ಅವನೂ ಅಪರಿಚಿತರ ಜೊತೆ. ನಾವು ತಪ್ಪು ಮನೆ ಹೊಕ್ಕಾಗ ಅವನಿಗೆ ಕೇಳಿಸ್ತಿತ್ತು. ಏನೂ ಹೇಳ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಕಟ್ಟೆಗೆ ಬರೋದೇ ಬಿಟ್ಟ.

ಧ್ವನಿ ಈ ಆಟದ ಬಲ ಅಂದೆ. ಆ ಬಲ ಎಲ್ಲರಿಗೂ ಸಿಗಲಿಲ್ಲ. ನಮ್ಮ ಚಿಕ್ಕಪ್ಪನ ಮಗಳು ಗುರಿಯಲ್ಲಿ ನಮ್ಮೆಲ್ಲರಿಗಿಂತ ಚಲೋ. ಮನೆಯಲ್ಲೇ ಕೂತು ಆಡೋಕೆ ಆಗಿದ್ದು ಮೊಬೈಲ್‌ನಿಂದಲೇ, ಕೆಫೆ ಕಾಲದಲ್ಲಿ ಆಗ್ತಿರಲಿಲ್ಲ. ಆದರೆ ಅವಳು ಮೈಕ್ ಆನ್ ಮಾಡ್ತಿರಲಿಲ್ಲ. ಹೆಣ್ಣು ಧ್ವನಿ ಕೇಳಿದ ಕೂಡಲೇ ಅಪರಿಚಿತರು ಆಟ ಬಿಟ್ಟು ನಂಬರ್ ಕೇಳೋದು, ಕೊಡದಿದ್ದರೆ ಬೈಯೋದು. ಆಟದಲ್ಲೇ ಇರೋ ರೆಡಿಮೇಡ್ ಮೆಸೇಜ್‌ಗಳನ್ನ ಒತ್ತಿ ಒತ್ತಿ ಎರಡು ವರ್ಷ ಆಡಿದಳು. "ನಾ ಮೂಕಿ ಅಂತ ತಿಳದಾರ ಅವರು" ಅಂತ ನಗ್ತಿದ್ದಳು. ನನಗೆ ನಗು ಬರ್ತಿರಲಿಲ್ಲ.

ಇನ್ನು ಚಟದ ಮಾತು. ಇದನ್ನ ಬಿಟ್ಟು ಹೋದರೆ ನಿಮ್ಮ ಅವ್ವ ನನಗೆ ಬೈತಾರೆ. 2019ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಪಕ್ಕದ ಕಾಕತಿಯಲ್ಲಿ, ಪಬ್‌ಜಿ ಆಡಬೇಡ ಅಂದಿದ್ದಕ್ಕೆ ಮಗ ತಂದೆಯನ್ನೇ ಕೊಂದ ಅಂತ ಸುದ್ದಿ ಬಂತು. ಮರುದಿನ ನಮ್ಮೂರ ಮನೆ ಮನೆಯಲ್ಲಿ ಫೋನ್ ಕಸಿಯೋದೇ ಕೆಲಸ. ನಮ್ಮ ಅಪ್ಪ ಏನೂ ಮಾತಾಡಲಿಲ್ಲ. ಪೇಪರ್ ಮಡಚಿ ಆ ಸುದ್ದಿ ಮೇಲೆ ಬರೋ ಹಾಗೆ ನನ್ನ ತಟ್ಟೆ ಪಕ್ಕ ಇಟ್ಟ. ಆಟ ಒಂದೇ ಕೊಲೆ ಮಾಡಿಸುತ್ತೆ ಅಂತ ನಾನು ನಂಬೋದಿಲ್ಲ. ಹಾಗಂತ ಏನೂ ಇಲ್ಲ ಅನ್ನೋದೂ ಸುಳ್ಳು. ಅದೇ ವರ್ಷ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥದ್ದಕ್ಕೇ ಶಟ್ ಕ್ಲಿನಿಕ್ ಅಂತ 2014ರಿಂದ ಇದೆ. ಎಷ್ಟು ಗಂಟೆ ಆಡ್ತೀರಿ ಅನ್ನೋದಷ್ಟೇ ಅವರ ಪ್ರಶ್ನೆ ಅಲ್ಲ. ನಿಲ್ಲಿಸಬೇಕು ಅಂದಾಗ ನಿಲ್ಲಿಸೋಕೆ ಆಗುತ್ತಾ, ಊಟ, ನಿದ್ದೆ, ಕೆಲಸ ಕೆಟ್ಟರೂ ಆಡ್ತಾನೇ ಇದ್ದೀರಾ, ಅದು ಪ್ರಶ್ನೆ. 2020ರ ಲಾಕ್‌ಡೌನ್‌ನಲ್ಲಿ ನನ್ನ ಉತ್ತರ ಚಲೋ ಇರಲಿಲ್ಲ. ಕೆಫೆ ಮಾಲೀಕರ "ಏಳ್ರಿ" ಅನ್ನೋ ಕೂಗು ಇಲ್ಲಿ ಇರಲಿಲ್ಲ. ನೂರರಲ್ಲಿ 99 ಮಂದಿ ಸೋಲೋ ಆಟ, ಸ್ಕ್ವಾಡ್ ಆದರೆ 96, ಸೋತ ಕೂಡಲೇ "ಇನ್ನೊಂದು" ಅನ್ನಿಸೋ ಹಾಗೆಯೇ ಕಟ್ಟಿದ್ದು. ಅವ್ವ "ಉಣ್ಣಾಕ ಬಾರೋ" ಅಂತ ಮೂರು ಸಲ ಕರೆದು, ನಾಲ್ಕನೇ ಸಲ ಕರೆಯದೇ ಮಲಗಿದ ರಾತ್ರಿಗಳು ಇವೆ.

ಸರಿ, ಮತ್ತೆ ಆ ಬುಧವಾರಕ್ಕೆ ಬರೋಣ. ಗಲ್ವಾನ್ ಸಂಘರ್ಷ ಆಗಿ ಎರಡೂವರೆ ತಿಂಗಳು. ಐಟಿ ಕಾಯ್ದೆಯ 69ಎ ಸೆಕ್ಷನ್ ಕೆಳಗೆ ಆದೇಶ. ಅಕ್ಟೋಬರ್ 30ಕ್ಕೆ ಸರ್ವರ್ ಪೂರ್ತಿ ಬಂದ್. ನಮ್ಮ ರ‍್ಯಾಂಕ್, ರಾಯಲ್ ಪಾಸ್, ಬಣ್ಣದ ಬಂದೂಕು ಎಲ್ಲಾ ಅಲ್ಲಿಗೆ ಮುಗೀತು. ಬಿ.ಕಾಂ. ಭಾಷೆಯಲ್ಲಿ ಹೇಳೋದಾದ್ರೆ ನಾವು ಅದನ್ನ ಆಸ್ತಿ ಅಂತ ಬರ್ಕೊಂಡಿದ್ವಿ, ಅದು ಯಾವತ್ತೂ ಆಸ್ತಿ ಆಗಿರಲೇ ಇಲ್ಲ, ಬರೇ ಬಾಡಿಗೆ. ಆದೇಶ ಸರಿಯೋ ತಪ್ಪೋ ಅನ್ನೋದು ಬೇರೆ ಮಾತು. ಒಂದು ದಿನದಲ್ಲಿ ಒಂದು ದೇಶದ ಅಷ್ಟೂ ಸ್ಕ್ವಾಡ್‌ಗಳು ಇಲ್ಲವಾಗಬಹುದು ಅನ್ನೋದು, ಹುಬ್ಬಳ್ಳಿಯ ಆ ಕತ್ತಲೆ ಕೋಣೆಯಲ್ಲಿ ಕೂತವನಿಗೆ ಕಲ್ಪನೆಗೂ ಬರ್ತಿರಲಿಲ್ಲ.

ಮರುದಿನ ದೋಸ್ತ ಟ್ರ್ಯಾಕ್ಟರ್ ನಿಲ್ಲಿಸಿ ಕಟ್ಟೆಗೆ ಬಂದ, ಬಹಳ ತಿಂಗಳ ಮೇಲೆ. ನಮ್ಮ ಮೂವರ ಮುಖ ನೋಡಿದ. "ಈಗ ಎಲ್ಲಾರೂ ಸಮ ಆತು ಬಿಡ್ರಲೇ" ಅಂದ. ನಕ್ಕೊಂಡೇ ಅಂದ. ನಾವೂ ನಕ್ವಿ. ಮನೆಗೆ ಹೋಗಿ ಮಲಗಿದಾಗ ಆ ಮಾತು ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ತು.

ಆಮೇಲಿನದು ನಿಮಗೆ ಗೊತ್ತಿರೋದೇ. ನಿಷೇಧ ಆದ ಎರಡೇ ದಿನಕ್ಕೆ ಫೌಜಿ ಅನ್ನೋ ದೇಸಿ ಆಟದ ಘೋಷಣೆ ಆಯ್ತು, ಮಾಡಿದ್ದು ನಮ್ಮ ಬೆಂಗಳೂರಿನ ಎನ್‌ಕೋರ್ ಗೇಮ್ಸ್. 2021ರ ಜನವರಿ 26ಕ್ಕೆ ಬಿಡುಗಡೆ. ನಾವೂ ಆಸೆಯಿಂದ ಹಾಕಿಕೊಂಡ್ವಿ. ನೋಡಿದರೆ ಒಬ್ಬನೇ ಆಡೋ ಕಥೆ, ಹೆಚ್ಚಾಗಿ ಕೈಕೈ ಹೊಡೆದಾಟ. ತಂಡದ ಆಟ ಬಂದಿದ್ದು ತಿಂಗಳುಗಳಾದ ಮೇಲೆ, ಅಷ್ಟೊತ್ತಿಗೆ ಜನ ಅಳಿಸಿಬಿಟ್ಟಿದ್ರು. ನಮಗೆ ಬೇಕಾಗಿದ್ದು ಬಂದೂಕಲ್ಲ, ನಾಲ್ಕು ಮಂದಿ ಅನ್ನೋದು ಅವರಿಗೆ ಹೊಳೀಲಿಲ್ಲ ಅಂತ ಕಾಣುತ್ತೆ. 2021ರ ಜುಲೈ 2ಕ್ಕೆ ಕೊರಿಯಾದ ಕ್ರಾಫ್ಟನ್ ಕಂಪನಿಯೇ ಬಿಜಿಎಂಐ ಅಂತ ಹೊಸ ಹೆಸರಲ್ಲಿ ಪಬ್‌ಜಿ ವಾಪಸ್ ತಂತು. 18 ತುಂಬದವರಿಗೆ ದಿನಕ್ಕೆ ಮೂರೇ ಗಂಟೆ ಅನ್ನೋ ನಿಯಮ ಹಾಕಿದರು. ಅಪ್ಪನ ನಂಬರ್ ಹಾಕಿ ದಾಟೋದನ್ನ ಮಕ್ಕಳು ಒಂದೇ ದಿನಕ್ಕೆ ಕಲಿತರು. ಲೈಟ್ ಮಾತ್ರ ವಾಪಸ್ ಬರಲಿಲ್ಲ. ಸಣ್ಣ ಫೋನಿನವರು ಫ್ರೀ ಫೈರ್ ಕಡೆ ಹೋದರು. 2022ರ ಫೆಬ್ರವರಿಯಲ್ಲಿ ಅದೂ ನಿಷೇಧ ಆಯ್ತು.

ಆ ವರ್ಷ ಹತ್ತಿಗೆ ಚಲೋ ರೇಟ್ ಬಂದಿತ್ತು, ಕ್ವಿಂಟಲ್‌ಗೆ ಹತ್ತು ಸಾವಿರ ದಾಟಿತ್ತು. ದೋಸ್ತ ಲಾವಣಿಗೆ ಮಾಡಿದ್ದ ಎರಡು ಎಕರೆಯಿಂದ ಸಾಲ ತೀರಿಸಿ, ಮಿಕ್ಕ ದುಡ್ಡಿಗೆ ಇನ್ನಷ್ಟು ಕೂಡಿಸಿ, ಆಗಸ್ಟ್‌ನಲ್ಲಿ ಆರು ಜಿಬಿ ರ‍್ಯಾಮ್ ಫೋನ್ ತಂದ. ಪ್ಲೇ ಸ್ಟೋರ್‌ನಲ್ಲಿ ಹುಡುಕ್ತಾನೆ, ಬಿಜಿಎಂಐ ಇಲ್ಲ. ಜುಲೈ 28ಕ್ಕೆ ಸರ್ಕಾರದ ಆದೇಶದ ಮೇಲೆ ಸ್ಟೋರ್‌ನಿಂದ ತೆಗೆದಿದ್ರು. ಫೋನ್‌ನಲ್ಲಿ ಮೊದಲೇ ಇದ್ದವರು ಆಡಬಹುದಿತ್ತು, ಹೊಸಬರಿಗೆ ಬಾಗಿಲು ಮುಚ್ಚಿತ್ತು. ಕೆಲವೇ ವಾರ ಹಿಂದೆ ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ಇದೇ ಆಟದ ಟೂರ್ನಮೆಂಟ್ ಟಿವಿಯಲ್ಲಿ ಬರ್ತಿತ್ತು! ಅವನು ಫೋನ್ ತೋರಿಸಿ "ನನ್ನ ಹಣೇಬರದಾಗ ಇದ ಆಟ ಇಲ್ಲ ನೋಡು" ಅಂದ. ಈ ಸಲ ನಾನು ನಗಲಿಲ್ಲ.

2023ರ ಮೇ 29ಕ್ಕೆ ಬಿಜಿಎಂಐ ಮತ್ತೆ ಬಂತು. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದಾಗ ಊರಲ್ಲಿ ಮತ್ತೆ ಗುಲ್ಲೆದ್ದಿತ್ತು, ಆದರೆ ಅದು ನಿಲ್ಲಿಸಿದ್ದು ದುಡ್ಡು ಕಟ್ಟಿ ಆಡೋ ರಮ್ಮಿಯಂಥ ಆಟಗಳನ್ನ. ಇ-ಸ್ಪೋರ್ಟ್ಸ್‌ಗೆ ಬೇರೆಯೇ ಮಾನ್ಯತೆ ಕೊಟ್ಟಿದೆ. ಇವೆರಡನ್ನ ಕಲಸಬೇಡಿ.

ಈಗ ನಾನು ಹುಬ್ಬಳ್ಳಿಯಲ್ಲಿ ಒಂದು ಬಾಡಿಗೆ ರೂಮಲ್ಲಿ ಕೂತು ಇದನ್ನ ರೆಕಾರ್ಡ್ ಮಾಡ್ತಿದ್ದೀನಿ. ಡಿಪ್ಲೊಮಾದವನು ಪುಣೆಯಲ್ಲಿದ್ದಾನೆ, ಅಂಗಡಿಯವನು ಊರಲ್ಲೇ. ದೋಸ್ತನಿಗೆ ಮದುವೆ ಆಗಿ ಒಂದು ಮಗು ಇದೆ. ವಾರಕ್ಕೊಂದು ದಿನ, ಭಾನುವಾರ ರಾತ್ರಿ ಒಂಬತ್ತೂವರೆಗೆ, ಮಗು ಮಲಗಿದ ಮೇಲೆ ಅವನು ಬರ್ತಾನೆ. ಎರಡು ಮ್ಯಾಚ್, ಮೂರನೆಯದಿಲ್ಲ. ಅವನದೇ ನಿಯಮ, ಯಾರೂ ಎದುರು ಮಾತಾಡೋದಿಲ್ಲ. ಪಿಸುಮಾತಲ್ಲೇ ಆರ್ಡರ್ ಕೊಡ್ತಾನೆ, ಮಗು ಎದ್ದೀತು ಅಂತ. ಹೋದ ವಾರ ಪೋಚಿಂಕಿಯಲ್ಲಿ ನಾನು ಬಿದ್ದೆ. ಎದುರಿನ ಮನೆಯಲ್ಲಿ ಇಬ್ಬರಿದ್ದರು, ಎತ್ತೋಕೆ ಬರೋದು ಲೆಕ್ಕಕ್ಕೆ ಸರಿ ಇರಲಿಲ್ಲ. "ಬರಬ್ಯಾಡಲೇ" ಅಂದೆ. ಬಂದ. ಇಬ್ಬರೂ ಸತ್ವಿ.

ಈಗ ಒಂಬತ್ತು ಇಪ್ಪತ್ತೆಂಟು, ಸ್ಕ್ರೀನ್ ಮೇಲೆ ಅವನ ಇನ್ವೈಟ್ ಬಂತು. ಮೈಕ್ ಇಲ್ಲಿಂದ ತೆಗೆದು ಅಲ್ಲಿಗೆ ಹಾಕಬೇಕು, ಒಂದೇ ಮೈಕ್ ಇರೋದು. ಸಿಗೋಣ್ರೀ.